ಎರಡನೇ ಚರಣ

ಗ್ರಿಮ್ಸ್‌ಬಿಯಲ್ಲಿ, ಬೇಕರಿಯ ಮೇಲಿನ ಕೋಣೆ.
ಅರವತ್ತೆಂಟರ ಫೆಬ್ರವರಿ, ಹೀಟರ್ ಕೆಟ್ಟಿತ್ತು.
ಕೋಟು ಬಿಚ್ಚದೆಯೇ ಹಾಡಿದಳು ಎನಿಡ್ ಸ್ಕೆಲ್ಟನ್.
ಎರಡನೇ ಚರಣದಲ್ಲಿ ಮಾತೊಂದು
ನಾಲಗೆಯ ತುದಿಗೆ ಬಂದು, ಇಳಿಯಲೊಲ್ಲದೆ ನಿಂತಿತು.
‘ಹ್ಞೂಂ’ ಅಂದು ದಾಟಿಬಿಟ್ಟಳು,
ಕೆಸರು ಕಂಡವಳು ಲಂಗ ಎತ್ತಿ ದಾಟುವ ಹಾಗೆ.
ಇನ್ನೊಂದು ಟೇಪಿಗೆ ಕಾಸಿರಲಿಲ್ಲ.

ಆಮೇಲೆ ಹಾಡಿಗೆ ಕಾಲು ಬಂತು.
ಲೀಡ್ಸಿನವನೊಬ್ಬ ನಲವತ್ತು ಪಿಟೀಲು ಬೆನ್ನಿಗಿಟ್ಟುಕೊಂಡು ಹಾಡಿದ;
‘ಹ್ಞೂಂ’ ಬಂದಾಗ ಕಣ್ಣು ಮುಚ್ಚಿದ.
ಟೆಕ್ಸಸ್ಸಿನವಳು ಅದನ್ನೇ ಬೆಲ್ಲದ ಪಾಕ ಮಾಡಿ
ಎಳೆ ಬರುವಷ್ಟು ಎಳೆದಳು.
ಪತ್ರಿಕೆಯವರು ಅದರಲ್ಲಿ ವಿರಹ ಕಂಡರು.
ಪಬ್ಬಿನ ಕರಿಯೋಕೆ ಪರದೆಯಲ್ಲಿ
ಅದಕ್ಕೂ ಅಕ್ಷರ ಬಂತು,
ಹಳದಿ ತುಂಬಿಕೊಳ್ಳುತ್ತ, ಎಡದಿಂದ ಬಲಕ್ಕೆ.

ಅವತ್ತು ಟೇಪು ತಿರುಗಿಸಿದವನು ನಾನು.
ಮರೆತದ್ದು ಯಾವ ಮಾತೆಂದು ಒಮ್ಮೆ ಕೇಳಿದ್ದೆ.
ಅಂಗಡಿಯಲ್ಲಿ ಕಾಡ್ ಮೀನು ತೂಗುತ್ತಿದ್ದಳು, ಮೊಣಕೈವರೆಗೆ ಮಂಜುಗಡ್ಡೆ.
‘ಕೆಟಲ್’ ಅಂದಳು,
‘ಒಬ್ಬಳಿಗೇ ಕೆಟಲ್ ಇಡೋದು, ಅಂತಿತ್ತು ಅಲ್ಲಿ.
ಒಂದು ಪೌಂಡ್ ಸಾಕಾ?’

ಹೋದ ತಿಂಗಳು ಅವಳನ್ನು ಮಣ್ಣು ಮಾಡಿದೆವು.
ಚರ್ಚಿನಲ್ಲಿ ಎಲ್ಲರೂ ಅದೇ ಹಾಡು ಹಾಡಿದರು,
ಯಾರಿಗೂ ಪುಸ್ತಕ ಬೇಕಾಗಲಿಲ್ಲ.
ಎರಡನೇ ಚರಣ. ಇನ್ನೂರು ಗಂಟಲು ಒಟ್ಟಿಗೆ, ‘ಹ್ಞೂಂ’.
ನಾನೊಬ್ಬ, ಒಡೆದ ದನಿಯಲ್ಲಿ,
‘ಕೆಟಲ್’.

ಮುಂದಿನ ಸಾಲಿನ ಹುಡುಗಿ ತಿರುಗಿ ನೋಡಿ
ಅಮ್ಮನ ತೋಳು ಜಗ್ಗಿದಳು:
ಆ ತಾತ ತಪ್ಪು ಹಾಡಿದ.