ನಾಲ್ಕು ಸಿಮ್ಮು, ಒಂದು ಫೋನು

ವಿದ್ಯಾನಗರದ ಹಾಸ್ಟೆಲಿನಲ್ಲಿ ನಾಲ್ವರಿಗೆ
ಅಂಕಿ ಅಳಿಸಿದ ಒಂದೇ ಫೋನು.
ಸಿಮ್ಮು ಮಾತ್ರ ಅವರವರದು:
ಐರಿನ್ನಳದು ಪ್ರಾರ್ಥನೆ ಪುಸ್ತಕದೊಳಗೆ,
ನನ್ನದು ಖಾಲಿ ಬಿಂದಿ ಪ್ಯಾಕೆಟ್ಟಿನಲ್ಲಿ,
ಪುಷ್ಪಲತಾಳದು ದಿನಾ ಹುಡುಕಬೇಕು.

ಒಂದು ರಿಂಗು: ತಲುಪಿದೆ.
ಎರಡು: ದುಡ್ಡು ಕಳಿಸು.
ಮೂರಕ್ಕೆ ನಾವು ಅರ್ಥ ಇಟ್ಟಿರಲಿಲ್ಲ,
ಹೆದರಿಕೆ ತಾನಾಗಿ ಬಂದು ಕೂತಿತ್ತು.

ನಮ್ಮ ಮನೆ ತಲಪಾಡಿ ಗೇಟಿಗಿಂತ ಸ್ವಲ್ಪ ಈಚೆ.
ಬಾವಿಕಟ್ಟೆ ದಾಟಿದರೆ ಕರ್ನಾಟಕದ ಟವರು, ರೋಮಿಂಗು.
ಅಮ್ಮ ಕೊಡಪಾನ ಆಚೆಯೇ ಬಿಟ್ಟು
ಈಚೆ ಬಂದು ಮಾತಾಡುತ್ತಾಳೆ.

ಅವತ್ತು ಫೋನಿನೊಳಗೆ ಸುಹರಾಳ ಸಿಮ್ಮು.
ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ
ಅಮ್ಮ ಮಾತಾಡಿ ಮುಗಿಸಿಯಾಗಿತ್ತು.
"ಮೂರು ರಿಂಗಾಯ್ತು, ಎತ್ತಿದೆ."
ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು
ಅಮ್ಮನ ತುಳುವನ್ನು ತನ್ನ ಬ್ಯಾರಿ ನಾಲಿಗೆಯಲ್ಲಿ ತಿರುಗಿಸಿ
ಒಪ್ಪಿಸಿದಳು:
ಕೆಂಪಿ ಕರು ಹಾಕಿದೆ, ಹೆಣ್ಣು.
ತಲೆಗೆ ಎಣ್ಣೆ ಹಾಕುತ್ತೀಯೋ ಇಲ್ಲವೋ.
ಎಲ್ಲರೂ ನಕ್ಕೆವು.

ಅಮ್ಮ ಕೆಮ್ಮಿದ ಕಡೆಯಲ್ಲೆಲ್ಲ
ಒಂದನ್ನೂ ಬಿಡದೆ
ಸುಹರಾ ಕೆಮ್ಮಿದಳು.

ಯಾವಾಗಿನಿಂದ ಈ ಕೆಮ್ಮು?
ಕೇಳೋಣವೆಂದು ನನ್ನ ಸಿಮ್ಮು ಹಾಕಿದೆ.
ಉಳಿದದ್ದು ನಲವತ್ತು ಪೈಸೆ.
ಎರಡು ಕೊಟ್ಟರೆ ದುಡ್ಡೆಂದುಕೊಳ್ಳುತ್ತಾಳೆ,
ಮೂರು ಕೊಟ್ಟರೆ ಬಸ್ಸು ಹತ್ತಿಬಿಡುತ್ತಾಳೆ.
ಒಂದೇ ಕೊಟ್ಟೆ.