ಐವತ್ತೊಂಬತ್ತೂವರೆ

ಅರವತ್ತು ಗಂಟೆ ದುಡಿದರೆ ಎರಡು ಕ್ರೆಡಿಟ್ಟು,
ಒಂದು ಪ್ರಮಾಣಪತ್ರ, ಅದರ ಮೇಲೆ ಕುಲಸಚಿವರ ಹಸಿರು ಸಹಿ.
ಸುತ್ತೋಲೆ ಬಂದದ್ದು ಜೂನ್‌ನಲ್ಲಿ.
ಈಗ ಮಾರ್ಚ್. ಕಾಫಿ ಹೂವಿಗೆಂದು ಬಿಟ್ಟ ಸ್ಪ್ರಿಂಕ್ಲರಿನ ಸದ್ದು
ವಿರಾಜಪೇಟೆಯ ನನ್ನ ಬಾಡಿಗೆ ಕೋಣೆಯವರೆಗೂ ಬರುತ್ತಿದೆ,
ಚಿಕ್ ಚಿಕ್ ಚಿಕ್, ಯಾರೋ ಲೆಕ್ಕ ಹಾಕುತ್ತಿರುವ ಹಾಗೆ.

ಮೇಜಿನ ಮೇಲೆ ನಲವತ್ತೊಂದು ದಿನಚರಿ ಪುಸ್ತಕ.
ಸಹಿ ಹಾಕಬೇಕಾದವನು ನಾನು.

ಬೋಪಯ್ಯನದರಲ್ಲಿ ಎಂಬತ್ತು ಗಂಟೆ,
ಎಲ್ಲವೂ ಒಂದೇ ಪೆನ್ನು, ಒಂದೇ ರಾತ್ರಿಯ ಓರೆ ಅಕ್ಷರ.
ಆದರೂ ಅವನು ಬಂದಿದ್ದ, ನಾನೇ ಕಂಡಿದ್ದೇನೆ,
ಅಪ್ಪನ ಜೀಪು ತಂದು ಹಾಡಿಯ ಮುದುಕರನ್ನೆಲ್ಲ
ಗೋಣಿಕೊಪ್ಪಕ್ಕೆ ಮೂರು ಸಲ ಸಾಗಿಸಿದವನು.
ಅದನ್ನು ಬರೆಯಲು ಮರೆತು
ಸಸಿ ನೆಟ್ಟೆ, ಸಸಿ ನೆಟ್ಟೆ, ಸಸಿ ನೆಟ್ಟೆ ಎಂದು ತುಂಬಿಸಿದ್ದಾನೆ.

ಮುತ್ತಕ್ಕಿಯ ಪುಸ್ತಕ ಫೋಟೋಗಳಿಂದ ದಪ್ಪ.
ಬ್ಯಾನರ್ ಹಿಡಿದವರು ಹನ್ನೆರಡು ಮಂದಿ,
ಪೊರಕೆ ಹಿಡಿದವರು ಇಬ್ಬರು. ಒಬ್ಬಳು ಅವಳೇ.

ಜಂಶೀನಾಳದು ತೆಳ್ಳಗೆ. ಬಸ್ ಟಿಕೆಟುಗಳಿಗೆ ಪಿನ್ ಹೊಡೆದಿದ್ದಾಳೆ,
ಯಾರೂ ಕೇಳದಿದ್ದರೂ.
"ನವೆಂಬರ್ ೯. ತಿತಿಮತಿ ಹತ್ತಿರದ ಹಾಡಿ. ಚೋಮಿ ಎಂಬವರ ಬೆರಳು
ಯಂತ್ರದಲ್ಲಿ ಹೊಂದುತ್ತಿಲ್ಲ. ಎರಡು ತಿಂಗಳಿಂದ ಅಕ್ಕಿ ಇಲ್ಲ.
ಬಿಸಿನೀರಲ್ಲಿ ತೊಳೆದೆವು. ಹೊಂದಲಿಲ್ಲ.
ಎಣ್ಣೆ ಹಚ್ಚಿ ಒರೆಸಿದೆವು. ಹೊಂದಲಿಲ್ಲ. ಮೂರು ಗಂಟೆ."

ಮತ್ತೆ ಹದಿನಾರಕ್ಕೆ. ಮತ್ತೆ ಇಪ್ಪತ್ತಮೂರಕ್ಕೆ.
ಮೂವತ್ತು ವರ್ಷ ಬೇರೆಯವರ ಕಾಫಿ ಹಣ್ಣು ಕಿತ್ತ,
ಬೇರೆಯವರ ಮೆಣಸಿನ ತೆನೆ ಉದುರಿಸಿದ ಹೆಬ್ಬೆರಳು
ಹೊಳೆಯ ಕಲ್ಲಿನಷ್ಟು ನುಣುಪು.
ಯಂತ್ರಕ್ಕೆ ಗೊತ್ತಿರುವುದು ಒಂದೇ ಮಾತು: ಗುರುತು ಸಿಗುತ್ತಿಲ್ಲ.
ಹಾಡಿಯ ನಾಯಿಗೂ ಗೊತ್ತು ಅವಳು ಯಾರೆಂದು.

ಪುಟದ ಕೊನೆಗೆ ನಮ್ಮ ನಮೂನೆಯ ಸಾಲು:
ಫಲಾನುಭವಿಯ ಸಹಿ ಅಥವಾ ಹೆಬ್ಬೆಟ್ಟು.
ಅಲ್ಲಿ ಅದೇ ಬೆರಳು. ಗೆರೆಯೇ ಇಲ್ಲದ ಮಚ್ಚೆ,
ನೇರಳೆ ಹಣ್ಣು ಬಿದ್ದು ಒಡೆದ ಹಾಗೆ.
ಅಕ್ಕಿಗೆ ಸಲ್ಲದ್ದು ಕ್ರೆಡಿಟ್ಟಿಗೆ ಸಲ್ಲುತ್ತದೆ.
ನಿಯಮದ ಪ್ರಕಾರ ನಾನಿದನ್ನು ಒಪ್ಪಬೇಕು. ಒಪ್ಪಿದೆ.

ಒಟ್ಟು ಕೂಡಿದ್ದಾಳೆ: ಐವತ್ತೊಂಬತ್ತೂವರೆ.
ಕೆಳಗೆ ಸಣ್ಣ ಅಕ್ಷರ:
"ಜನವರಿ ೪ರಂದು ಅರ್ಧ ಗಂಟೆ ಕಳೆದಿದ್ದೇನೆ ಸರ್.
ಅವತ್ತು ಚೋಮಜ್ಜಿ, ಕಂದಕಕ್ಕೆ ಜಾರಿದ ಆನೆಮರಿಯ ಕಥೆ ಹೇಳಿದರು.
ಕೆಲಸ ಮಾಡಲಿಲ್ಲ. ಸುಮ್ಮನೆ ಕೂತು ಕೇಳಿದೆ. ನಕ್ಕೆ."

ಗುಡ್ಡ ಜಾರಿದ ವರ್ಷ ನಾನು ಮಡಿಕೇರಿಯಲ್ಲಿ ಓದುತ್ತಿದ್ದೆ.
ಪರಿಹಾರ ಕೇಂದ್ರದಲ್ಲಿ ಅವಲಕ್ಕಿ ಮೂಟೆ ಹೊತ್ತೆ. ಎಷ್ಟು ಗಂಟೆ?
ಗೊತ್ತಿಲ್ಲ. ನೆನಪಿರುವುದು
ಎರಡೂ ಕಾಲಿಗೆ ಎಡಗಾಲಿನ ಚಪ್ಪಲಿಯೇ ಹಾಕಿಕೊಂಡು
ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗ.
ಯಾರಾದರೂ ಆಗ ಒಂದು ಕಾಗದ ಕೊಟ್ಟಿದ್ದರೆ
ತೆಗೆದುಕೊಳ್ಳುತ್ತಿದ್ದೆ, ಸುಳ್ಳು ಯಾಕೆ,
ಸಂದರ್ಶನಕ್ಕೆ ಬೇಕಾಗಿತ್ತು.

ಪೋರ್ಟಲ್ ಅರ್ಧವನ್ನು ತೆಗೆದುಕೊಳ್ಳುವುದಿಲ್ಲ.
ಪೂರ್ಣಾಂಕ ಮಾತ್ರ ಎಂದು ಕೆಂಪು ಅಕ್ಷರ.
ಸೇವೆಯ ಸ್ವರೂಪ: ಸ್ವಚ್ಛತೆ, ಸಸಿ, ಸಾಕ್ಷರತೆ, ಇತರೆ.
ಇತರೆ ಒತ್ತಿದೆ. ಕಥೆ ಕೇಳಿದ್ದು ಎಂದು ಬರೆದೆ.
ಅರವತ್ತು.

ಪರಿಶೀಲನೆಗೆಂದು ಹೋದ ತಿಂಗಳು ಹಾಡಿಗೆ ಹೋಗಿದ್ದೆ.
ಚೋಮಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು.
"ಆ ಹುಡುಗಿ ಪಾಸಾ?" ಎಂದಳು.
"ನನ್ನ ಬೆರಳು ಸಾಕಾಯ್ತಾ ಅವಳಿಗೆ?"
ಸಾಕಾಯ್ತು ಎಂದೆ.
ಅಕ್ಕಿಯ ಮಾತು ನಾನು ಎತ್ತಲಿಲ್ಲ.
ಒಲೆಯ ಮೇಲೆ ಪಾತ್ರೆ ಇತ್ತು, ಮುಚ್ಚಿತ್ತು.