ಒತ್ತು

ಮಿನುಗು ಕಾಗದ ಸುಲಭಕ್ಕೆ ಬಗ್ಗುವುದಲ್ಲ.
ಅಬ್ದುಲ್ ರೆಹಮಾನ್ ಬೀದಿಯಿಂದ ಹೊತ್ತು ತಂದ ದಪ್ಪ ಹಾಳೆ,
ಉಪ್ಪುಕಾಗದದ ಮೈ.
ಆಳದ ಬ್ಲೇಡು ಹಾಕಬೇಕು, ಒತ್ತು ಹೆಚ್ಚಿಸಬೇಕು,
ಅಂಟು ಸವೆದ ಚಾಪೆಯ ಅಂಚಿಗೆ ಟೇಪು ಬಿಗಿದು
ಅದೇ ಗೆರೆಯ ಮೇಲೆ ಮೂರು ಸಲ ಓಡಿಸಬೇಕು.

ಹೋಟೆಲಿನ ಗಲ್ಲಾ ಮುಚ್ಚಿ ಬಂದ ಇವರು
ಗೋಡೆಗೆ ಮುಖ ಮಾಡಿ ಮಲಗಿದ ಮೇಲೆ
ಮುಲುಂಡಿನ ನಮ್ಮ ಒಂದೂವರೆ ಕೋಣೆಯಲ್ಲಿ
ಮಷೀನು ಕಿರ್ರೆನ್ನುತ್ತದೆ.
ಬೆಳಿಗ್ಗೆ ಚಿನ್ನದ ಪುಡಿ ಇವರ ಕಿವಿಯಲ್ಲಿ,
ಅಕ್ಕಿಯಲ್ಲಿ, ಮಗಳ ಭೂಗೋಳದಲ್ಲಿ.

ಮರಾಠಿ ಹೆಸರಾದರೆ ಚಿಂತೆಯಿಲ್ಲ.
ತಲೆಯ ಮೇಲೊಂದು ಗೆರೆ; ಅದಕ್ಕೆ ಜೋತುಬಿದ್ದು
ಎಂಟು ಐವತ್ತೆರಡರ ಲೋಕಲ್ಲಿನ ಜನದ ಹಾಗೆ
ಅಕ್ಷರವೆಲ್ಲ ಒಟ್ಟಿಗೇ ಹೊರಡುತ್ತವೆ.
ಕನ್ನಡದ್ದು ಹಾಗಲ್ಲ.
ದುಂಡಗೆ, ತಂತಮ್ಮ ತಲೆಕಟ್ಟು ತಾವೇ ಹೊತ್ತು
ಬೇರೆ ಬೇರೆ ನಿಲ್ಲುತ್ತವೆ.
ಒತ್ತಕ್ಷರವಂತೂ ಇನ್ನೂ ಕೆಳಗೆ,
ಕೈ ಚಾಚಿದರೂ ಸಿಗದಷ್ಟು.

ಡೊಂಬಿವಲಿಯ ಹುಡುಗನ ಫೋನು:
ಅಜ್ಜಿಗೆ ಎಂಬತ್ತು, ಕೇಕಿನ ಮೇಲೆ ಹೆಸರು ಕನ್ನಡದಲ್ಲೇ ಬೇಕು.
ಅವನಿಗೆ ಓದಲು ಬರದು.
ಕಳಿಸಿದ್ದು ಪಾಸ್‌ಬುಕ್ಕಿನ ಸಹಿಯ ಫೋಟೊ:
ಮೆಸ್ಸಿನ ಪಾತ್ರೆ ತೊಳೆದಾದ ಮೇಲೆ ಕಲಿತ ಕೈ,
ಲಚ್ಚಕ್ಕ.
ಎರಡು ಒತ್ತೂ ಬ್ಯಾಂಕಿನ ಚೌಕದಿಂದ ಹೊರಗೆ ಜಾರಿವೆ.

ಮೊದಲ ಸಲ ಚಾಪೆಯಿಂದ ಎಬ್ಬಿಸಿದೆ.
ಕೈಗೆ ಬಂದದ್ದು ಲ, ಚ, ಕ.
ಬಾಗಿಲಲ್ಲಿ ನಿಂತಿದ್ದ ಸಾವಂತ ಕಾಕೂಗೆ ಓದಿ ಹೇಳಿದರೆ
ನಗು ಬಂತು ಅವರಿಗೆ:
ನಮ್ಮಲ್ಲಿ ಲಚಕ ಅಂದರೆ ಉಳುಕು!

ಉಳುಕೇ ಸರಿ.
ಬ್ಲೇಡಿನ ಬಾಯಿಗೆ ಸಿಕ್ಕಿದ್ದ ಮಿನುಗನ್ನು
ಬೆಳ್ಳಿ ಕಾಗದದ ಉಂಡೆಗೆ ಚುಚ್ಚಿ ಚುಚ್ಚಿ ಬಿಡಿಸಿ,
ಪರದೆಯ ಮೇಲೆ ಚಕಾರದ ಅಡಿಯಿಂದ
ಒಂದು ಕೂದಲೆಳೆಯ ಸೇತುವೆ ಇಳಿಸಿ ಬೆಸೆದೆ,
ಕಕಾರಕ್ಕೂ ಇನ್ನೊಂದು.
ಆ ಎಳೆಗಳು ಅಜ್ಜಿಯ ಸಹಿಯಲ್ಲಿಲ್ಲ.
ಅವರಿಗೆ ಬೇಕಿರಲಿಲ್ಲ.

ಹುಡುಗ ಬಂದ, ಬೆಳಕಿಗೆ ಹಿಡಿದ.
'ಕೆಳಗೆ ನೇತಾಡುವುದೇನು ಆಂಟಿ, ಡಿಸೈನಾ?'
ಹೇಳಬಹುದಿತ್ತು. ಹೇಳಲಿಲ್ಲ.
ಕೇಕು ಕತ್ತರಿಸುವ ಮುಂಚೆ ಅಜ್ಜಿಯನ್ನೇ ಕೇಳು ಎಂದೆ,
ಡಬ್ಬಿಗೆ ರಬ್ಬರು ಹಾಕುತ್ತಾ.

ಮೊದಲು ಉದುರಿದ ಎರಡು ಒತ್ತನ್ನು ಎಸೆಯಲು ಮನಸ್ಸಾಗಲಿಲ್ಲ.
ಒಂದು ಫ್ರಿಜ್ಜಿನ ಮೇಲಿದೆ.
ಇನ್ನೊಂದು ಇವರ ಅಂಗಿಗೆ ಅಂಟಿಕೊಂಡು
ಇಷ್ಟು ಹೊತ್ತಿಗೆ ದಾದರ್ ದಾಟಿರಬೇಕು.